ಒಳಗಿನ ಹಸಿರು ಗುಂಡಿ

ಜೂನ್ 3

ತಮ್ಮಾ,

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ಒರಗಿದ್ದೆ. ಆಗ ಬಿದ್ದ ಕನಸು ಇನ್ನೂ ಬೆನ್ನು ಬಿಟ್ಟಿಲ್ಲ. ನಾನು ನೀನು ಕೆಲಸ ಮಾಡುವ ಮೀನಿನ ಕೋಲ್ಡ್ ಸ್ಟೋರೇಜಿನ ಒಳಗಿದ್ದೇನೆ. ಅದನ್ನು ಕಣ್ಣಾರೆ ಕಂಡವಳಲ್ಲ, ಆದರೂ ಕನಸಿನಲ್ಲಿ ಅದು ನಿಮ್ಮದೇ ಅಂತ ಗೊತ್ತು. ಬಾಗಿಲು ಮುಚ್ಚಿದೆ. ಹಿಡಿಕೆ ಹುಡುಕುತ್ತಾ ಗೋಡೆ ಸವರಿಕೊಂಡು ಹೋಗುತ್ತೇನೆ. ಸವರಿದಲ್ಲೆಲ್ಲ ನುಣುಪು, ಮೊಟ್ಟೆಯೊಳಗೆ ಸಿಕ್ಕಿಕೊಂಡ ಹಾಗೆ. ನನ್ನ ಹಿಂದೆ ನೀನು, ಚಿಕ್ಕಂದಿನ ಹರಕು ಚಡ್ಡಿಯಲ್ಲೇ ನಿಂತು, "ಅಕ್ಕಾ, ಸಿಕ್ತಾ?" ಅಂತ ಕೇಳುತ್ತಿದ್ದೀಯ. ಎದ್ದಾಗ ಕೈ ನಿಜವಾಗಿ ತಣ್ಣಗಿತ್ತು. ಕಿಟಕಿ ತೆರೆದಿತ್ತು, ಅದಕ್ಕೇ ಇರಬೇಕು. ಅಲ್ಲದೆಯೂ ಇರಬಹುದು.

ಕನಸು ಬೀಳಲು ಕಾರಣ ನಾನು ಬರೆಯುತ್ತಿರುವ ಹೊಸ ಮಕ್ಕಳ ಪುಸ್ತಕ. ನಮ್ಮ ಮೂಗು ಮತ್ತು ಬಾಲ ಮತ್ತೆ ಪತ್ತೇದಾರಿಗೆ ಹೊರಟಿದ್ದಾರೆ. ಹೋದ ಸಲ ನಲ್ಲಿಯಲ್ಲಿ ಬಣ್ಣದ ನೀರು ಬರುವುದು ಯಾಕೆ ಅಂತ ಕಂಡುಹಿಡಿದರು, ಅದಕ್ಕೂ ಹಿಂದೆ ಅಜ್ಜಿಗೆ ಫೋನಿನಲ್ಲಿ ಟೋಪಿ ಹಾಕಿದವರನ್ನು ಹಿಡಿದರು. ಈ ಸಲ ಕೋಲ್ಡ್ ಸ್ಟೋರೇಜಿನಿಂದ ಮೀನಿನ ಪೆಟ್ಟಿಗೆ ಮಾಯವಾಗುತ್ತವೆ. ಕೆಲಸದವರೇ ಕಳ್ಳರು ಅಂತ ಯಜಮಾನ ಹೊರಗಿನಿಂದ ಅಡ್ಡಪಟ್ಟಿ ಹಾಕಿ ಅವರನ್ನು ಒಳಗೆ ಕೂಡಿ ದುಡಿಸುತ್ತಾನೆ. ಹಾಗೆ ಎಷ್ಟೋ ಕಡೆ ನಡೆಯುತ್ತಿದೆಯಂತಲ್ಲ, ಪೇಪರಿನಲ್ಲಿ ಓದಿದೆ. ಅಕ್ಕ ತಮ್ಮ ಇಬ್ಬರೂ ಕಳ್ಳನನ್ನು ಹುಡುಕುತ್ತಾ ಒಳಗೇ ಸಿಕ್ಕಿಬೀಳುತ್ತಾರೆ. ಈಗ ಹೊರಗೆ ಬರಬೇಕು. ಹೇಗೆ?

ಅಂಥ ಬಾಗಿಲಿಗೆ ಒಳಗಿನಿಂದಲೂ ತೆರೆಯುವ ಏನೋ ಒಂದು ಇರಲೇಬೇಕು ಅನ್ನುತ್ತಾರೆ. ಇದೆಯಾ? ಹೇಗಿದೆ? ಕೈಯಾರೆ ಒತ್ತಿ ನೋಡಿ ಬರಿ. ನನ್ನ ಪದ್ಧತಿ ನಿನಗೆ ಗೊತ್ತು. ಪುಸ್ತಕದ ಕೊನೆಗೆ "ಇದು ನಿಜವಾಗಿ ಆಗುತ್ತದೆ" ಅನ್ನುವ ಪುಟ ಇರುತ್ತದೆ, ನಾವು ಮಾಡಿ ನೋಡದ್ದು ಆ ಪುಟಕ್ಕೆ ಹೋಗುವುದಿಲ್ಲ. ಟ್ರಂಕಿನೊಳಗೆ ಮುದುಡಿ ಕೂತು ಉಸಿರಾಡಬಹುದೇ ಅಂತ ನೋಡಿದವನು ನೀನೇ ತಾನೆ, ಆಮೇಲೆ ಸೊಂಟ ಹಿಡಿದುಕೊಂಡು ಓಡಾಡಿದವನು. ಓದಿದವರು ತಪ್ಪು ಬರೆದರೆ ಕೈತಪ್ಪು ಅನ್ನುತ್ತಾರೆ, ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ಬರೆದರೆ ತಿಳಿಗೇಡಿ ಅನ್ನುತ್ತಾರೆ. ಮೊನ್ನೆ ಒಂದು ಶಾಲೆಯಲ್ಲಿ ಹೆಡ್‌ಮಾಸ್ಟರು, "ಮೇಡಂ ಯಾವ ಕಾಲೇಜು?" ಅಂದರು. "ದೂರದ್ದು" ಅಂದೆ. ಸುಳ್ಳೇನಲ್ಲವಲ್ಲ, ದೂರವೇ ಉಳಿಯಿತು.

ನೀನು ಒಳಗೆ ಹೋಗುವುದಿಲ್ಲ ತಾನೆ? ಹೊರಗೆ ತಕ್ಕಡಿ ಹತ್ತಿರವೇ ಇದ್ದೀಯ ತಾನೆ?

ಅಕ್ಕ


ಜೂನ್ 14

ಮೂಗಮ್ಮನವರಿಗೆ ಬಾಲದ ನಮಸ್ಕಾರ.

ನಿನ್ನ ಕನಸಿಗಿಷ್ಟು ಬೆಂಕಿ ಹಾಕ, ಚಳಿಯಾದರೂ ಬಿಡಲಿ. ಬಾಗಿಲು ಕಂಡರೆ ಹೆದರುತ್ತೀಯ, ಬಾಗಿಲು ಇಲ್ಲದಿದ್ದರೂ ಹೆದರುತ್ತೀಯ. ನಾನು ತಕ್ಕಡಿ ಹತ್ತಿರವೇ ಇದ್ದೇನೆ. ಮೀನು ತೂಗುತ್ತೇನೆ, ಟೀ ಕುಡಿಯುತ್ತೇನೆ, ಮತ್ತೆ ಮೀನು ತೂಗುತ್ತೇನೆ. ಮೈಮೇಲೆ ಎರಡು ಸ್ವೆಟರು, ನೋಡಿದರೆ ನೀನೇ ನಗುತ್ತೀಯ.

ನಿನ್ನ ಪ್ರಶ್ನೆಗೆ ಉತ್ತರ. ಇದೆ. ಬಾಗಿಲ ಒಳಮೈಯಲ್ಲಿ, ಎದೆಯ ಎತ್ತರಕ್ಕೆ, ಅಂಗೈಯಗಲದ ಹಸಿರು ಗುಂಡಿ. ದೀಪ ಆರಿದರೂ ಮಿಂಚುಹುಳದ ಹಾಗೆ ಮಿನುಗುತ್ತದೆ. ಒತ್ತಿದರೆ ಒಂದು ಸರಳು ಹೊರಗೆ ತಳ್ಳಿ ಚಿಲಕ, ಅಡ್ಡಪಟ್ಟಿ ಎರಡನ್ನೂ ಎಬ್ಬಿಸುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ. ಕೈಯಾರೆ ಒತ್ತಿ ನೋಡಿದೆ. ಸಾಕಾ?

ಇಲ್ಲಿ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂರುವ ಒಬ್ಬ ಮುದುಕ ಇದ್ದಾನೆ. ನಾವು ಕಿವಿಯಣ್ಣ ಅನ್ನುತ್ತೇವೆ. ಬಾಗಿಲು ಎಷ್ಟು ದಪ್ಪವಿದ್ದರೂ ಒಳಗೆ ತಟ್ಟಿದ್ದು ಅವನಿಗೆ ಕೇಳುತ್ತದೆ. "ಗೋಡೆ ಆಚೇದು ಕೇಳತ್ತೆ ಕಣಪ್ಪಾ, ಪಕ್ಕದಲ್ಲಿ ಹೆಂಡತಿ ಕೂಗಿದ್ರೆ ಮಾತ್ರ ಕೇಳಲ್ಲ" ಅನ್ನುತ್ತಾನೆ. ಅವನ ಮೊಮ್ಮಗಳು ನಿನ್ನ ಪುಸ್ತಕ ಎಲ್ಲ ಓದಿದ್ದಾಳಂತೆ. ನಾನು ನಿನ್ನ ತಮ್ಮ ಅಂದರೆ ನಂಬುವುದೇ ಇಲ್ಲವಂತೆ. "ಬಾಲ ಅಷ್ಟು ಮುದುಕನಾ?" ಅಂತ ಕೇಳಿದಳಂತೆ.

ಪೆನ್ನು ಸರಿಯಿಲ್ಲ, ಅಲ್ಲಲ್ಲಿ ನಿಂತು ನಿಂತು ಬರೆಯುತ್ತದೆ. ಸಹಿಸಿಕೊ.

ಬಾಲ


ಜೂನ್ 22

ತಮ್ಮಾ,

ಹಸಿರು ಗುಂಡಿ ಅಂತ ಓದಿದ್ದೇ ಜೀವ ಬಂದ ಹಾಗಾಯಿತು. ಆ ಅಧ್ಯಾಯ ಒಂದೇ ಉಸಿರಿಗೆ ಬರೆದುಬಿಟ್ಟೆ. ಬಾಲನಿಗೆ ನಡುಕ, ಹಲ್ಲು ಕಟಕಟ ಅನ್ನುತ್ತಿದೆ, ಮೂಗು ಕತ್ತಲಲ್ಲಿ ಮಿಂಚುಹುಳ ಕಾಣುತ್ತಾಳೆ. ಮಿಂಚುಹುಳ ನಿನ್ನದು, ಕದ್ದುಕೊಂಡೆ.

ಆದರೆ ನಿನ್ನ ಅಕ್ಷರ ನೋಡಿ ಮನಸ್ಸು ಕೆಟ್ಟಿತು. ಸಾಲುಗಳು ಅಲುಗಿವೆ. ಕೆಲವು ಪದಗಳಲ್ಲಿ ಶಾಯಿಯೇ ಇಲ್ಲ, ಬರೀ ಒತ್ತಿದ ಗುರುತು. ಪೆನ್ನು ಸರಿಯಿಲ್ಲ ಅನ್ನುತ್ತೀಯ. ಮತ್ತೆ ಕುಡಿಯಲು ಶುರುಮಾಡಿದ್ದೀಯಾ? ಬೈಯುವುದಿಲ್ಲ, ಇದ್ದದ್ದು ಹೇಳು. ಕೈ ನಡುಗುವಷ್ಟು ಕುಡಿದರೆ ಆ ಭಾರದ ಪೆಟ್ಟಿಗೆಗಳ ಹತ್ತಿರ ಹೇಗೆ ನಿಲ್ಲುತ್ತೀಯೋ. ಪೆಟ್ಟಿಗೆ ಕಾಲಿನ ಮೇಲೆ ಬಿದ್ದ ಹಾಗೆಲ್ಲ ಕಣ್ಣಿಗೆ ಕಟ್ಟುತ್ತಿದೆ.

ಇನ್ನೊಂದು. ಗುಂಡಿ ಎಷ್ಟು ಬಿಗಿ? ಹತ್ತು ವರ್ಷದ ಹುಡುಗಿಯ ಕೈಗೆ ಆಗುತ್ತದೆಯಾ? ಮಂಜು ಕೂತು ಬಿಗಿದುಕೊಳ್ಳುವುದಿಲ್ಲವಾ? ಇದನ್ನು ಸರಿಯಾಗಿ ನೋಡಿ ಹೇಳು. ಬರೆಯುವಾಗ ನನ್ನ ಕೈ ಇಲ್ಲಿಗೆ ಬಂದು ನಿಂತಿದೆ.

ಅಕ್ಕ


ಜುಲೈ 30

ಅಕ್ಕಾ,

ಕುಡಿದಿಲ್ಲ. ಕುಡಿಯುವುದೂ ಇಲ್ಲ. ಈ ಮಾತು ಇನ್ನೊಂದು ಸಲ ಕೇಳಿದರೆ ನಿನ್ನ ಮೇಲೆ ಆಣೆಯಿಟ್ಟು ಶುರುಮಾಡುತ್ತೇನೆ.

ಗುಂಡಿ ಸಲೀಸು. ಮಗುವೂ ಒತ್ತಬಹುದು. ಮಂಜು ಕೂರುವುದಿಲ್ಲ. ಬರಿ, ಮುಗಿಸು, ನಿಶ್ಚಿಂತೆಯಿಂದಿರು. ಐದನೇ ಕ್ಲಾಸಿನಲ್ಲಿ ಸ್ಕೂಲು ಬಿಟ್ಟು ನನ್ನ ಮೂಗು ಒರೆಸಿದವಳು ನೀನು. ಒಂದು ಗುಂಡಿಯ ವಿಷಯಕ್ಕೆ ಈಗಲೂ ನಿದ್ದೆ ಬಿಟ್ಟು ಕೂತರೆ ನಾನು ಇದ್ದೂ ಏನು ಬಂತು.

ಉತ್ತರ ತಡವಾಯಿತು. ಬೆರಳಿಗೆ ಪೆಟ್ಟಾಗಿತ್ತು, ಸಣ್ಣದು.

ಬಾಲ


ನವೆಂಬರ್ 8

ತಮ್ಮಾ,

ಪುಸ್ತಕ ಬಂತು. ಎರಡು ಪ್ರತಿ ಕಳಿಸಿದ್ದೇನೆ, ಒಂದು ನಿನಗೆ, ಒಂದು ಕಿವಿಯಣ್ಣನ ಮೊಮ್ಮಗಳಿಗೆ. ಅವಳ ಪ್ರತಿಯಲ್ಲಿ "ಬಾಲ ನಿಜಕ್ಕೂ ಇಷ್ಟು ಮುದುಕ" ಅಂತ ಬರೆದು ಸಹಿ ಹಾಕಿದ್ದೇನೆ.

ಒಂದು ವಿಷಯ ಮೊದಲೇ ಹೇಳಬೇಕಿತ್ತು, ಹೇಳಲು ಅಳುಕಿದೆ. ಕೊನೇ ಪುಟ ನೋಡು. "ಹಸಿರು ಗುಂಡಿಯನ್ನು ಲೇಖಕಿಯ ತಮ್ಮ ಬಂದರಿನ ಪಕ್ಕದ, ತಾವು ಕೆಲಸ ಮಾಡುವ ಕೋಲ್ಡ್ ಸ್ಟೋರೇಜಿನಲ್ಲಿ ಕೈಯಾರೆ ಒತ್ತಿ ಪರೀಕ್ಷಿಸಿದ್ದಾರೆ" ಅಂತಿದೆ. ನಾನು "ಒಬ್ಬರು ಬಲ್ಲವರು" ಅಂತ ಬರೆದಿದ್ದೆ. ಪ್ರಕಾಶಕರು, "ಬಲ್ಲವರು ಅಂದ್ರೆ ಯಾವ ಮಗು ನಂಬತ್ತೆ ಮೇಡಂ? ತಮ್ಮ ಅನ್ನಿ, ಎದೆಗೆ ನಾಟತ್ತೆ" ಅಂದರು. ನಾನು ಹೂಂ ಅಂದೆ. ನಿಜ ಹೇಳಬೇಕೆಂದರೆ, ಅಚ್ಚಿನಲ್ಲಿ "ತಮ್ಮ" ಅಂತ ನೋಡಲು ನನಗೂ ಆಸೆಯಿತ್ತು.

ನಿನ್ನಿಂದ ಆಮೇಲೆ ಒಂದು ಸಾಲೂ ಬಂದಿಲ್ಲ. ಕೆಲಸದವರನ್ನು ಕೂಡಿಹಾಕುವ ಕಥೆ ಬರೆದು ನಿನ್ನ ಯಜಮಾನನಿಗೆ ಸಿಟ್ಟು ಬರಿಸಿದೆನಾ? ಕೆಲಸಕ್ಕೆ ಕುತ್ತು ಬಂತಾ? ಬೆರಳು ವಾಸಿಯಾಯಿತಾ? ಯಾವ ಬೆರಳು ಅಂತಲೂ ಬರೆಯಲಿಲ್ಲ. ದಿನವೂ ಒಂದೊಂದು ಬೆರಳಿಗೆ ಚಿಂತೆ ಹಚ್ಚಿಕೊಂಡು ಕೂತಿದ್ದೇನೆ.

ಅಕ್ಕ


ಡಿಸೆಂಬರ್ 2

ಅಕ್ಕಾ,

ಯಜಮಾನನಿಗೆ ಸಿಟ್ಟೇ? ಪುಸ್ತಕವನ್ನು ಆಫೀಸಿನ ಗಾಜಿನ ಬೀರುವಿನಲ್ಲಿ ಇಟ್ಟುಕೊಂಡಿದ್ದಾನೆ.

ಯಾಕೆ ಕೇಳು. ಬೇರೆ ಊರಿನ ಕೋಲ್ಡ್ ಸ್ಟೋರೇಜಿನಲ್ಲಿ ಯಾರೋ ಸಿಕ್ಕಿಹಾಕಿಕೊಂಡು ಏನೋ ಆಯಿತಂತೆ. ಅದಕ್ಕೆ ಎಲ್ಲ ಕಡೆ ಇನ್‌ಸ್ಪೆಕ್ಟರು ಬಂದು ಬಾಗಿಲು ನೋಡುತ್ತಿದ್ದಾರೆ. ನಮ್ಮಲ್ಲಿಗೂ ಬಂದರು. ಒಳಗೆ ಕಾಲಿಡುವ ಮೊದಲೇ ಯಜಮಾನ ಪುಸ್ತಕ ಬಿಚ್ಚಿ ಕೊನೇ ಪುಟ ಹಿಡಿದ. "ಒಳಗೆ ಯಾಕೆ ಸಾರ್ ನೆಗಡಿ ಮಾಡ್ಕೋತೀರಿ, ಅಚ್ಚಾಗಿ ಬಂದಿದೆ ನೋಡಿ." ಇನ್‌ಸ್ಪೆಕ್ಟರರ ಮಗಳೂ ನಿನ್ನ ಅಭಿಮಾನಿಯಂತೆ. ಮುಖ ಅರಳಿತು. ನನ್ನ ಕಡೆ ತಿರುಗಿ, "ಏನಯ್ಯಾ, ಆ ತಮ್ಮ ನೀನೇನಾ? ನೀನೇ ಒತ್ತಿ ನೋಡಿದ್ಯಾ?" ಅಂದರು.

"ಅಕ್ಕ ಬರೆದದ್ದು ಸರಿ ಸಾರ್" ಅಂದೆ. ಗುಂಡಿ ಸರಿಯಿದೆ ಅನ್ನುವ ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡರು.

ಕಿವಿಯಣ್ಣ ಅಲ್ಲೇ ಕುರ್ಚಿಯಲ್ಲಿದ್ದ. ನನ್ನನ್ನೇ ನೋಡಿದ. ಮಾರನೆಯ ದಿನ ಯಜಮಾನ, "ಗುಂಡಿ ಇದೆ ಅಂತಾಯ್ತಲ್ಲ, ಕೇಳಿಸ್ಕೊಳ್ಳೋಕೆ ಒಬ್ಬ ಆಳು ಯಾಕೆ?" ಅಂತ ಕುರ್ಚಿ ತೆಗೆಸಿದ. ಈಗ ಅವನೂ ನಮ್ಮ ಜೊತೆ ಪೆಟ್ಟಿಗೆ ಹೊರುತ್ತಾನೆ.

ಮೊಮ್ಮಗಳಿಗೆ ಪುಸ್ತಕ ತಲುಪಿದೆ. ಅಜ್ಜನಿಗೆ ದಿನಾ ಓದಿ ಹೇಳುತ್ತಾಳಂತೆ.

ಬಾಲ


ಡಿಸೆಂಬರ್ 13

ತಮ್ಮಾ,

ನಿನ್ನ ಕಾಗದವನ್ನು ಪಕ್ಕದ ಮನೆಯವರಿಗೂ ಓದಿ ಹೇಳಿದೆ. ಇನ್‌ಸ್ಪೆಕ್ಟರು ನನ್ನ ಪುಸ್ತಕ ನೋಡಿ ಸಹಿ ಹಾಕಿಸಿಕೊಂಡರು ಅಂದರೆ ಸಣ್ಣ ಮಾತಲ್ಲ. ಇನ್ನು ಯಾವ ಹೆಡ್‌ಮಾಸ್ಟರು ಕಾಲೇಜು ಕೇಳಿದರೂ ನಾಚಿಕೆಯಿಲ್ಲ ಅಂದುಕೊಂಡು ಎರಡು ದಿನ ಬೀಗಿದೆ.

ಮೂರನೇ ದಿನ ಪಾತ್ರೆ ತೊಳೆಯುತ್ತಿದ್ದೆ. ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ಗುಂಡಿ ಒತ್ತಿದರೆ ಬಾಗಿಲು ತೆರೆಯುವುದಾದರೆ, ಕಿವಿಯಣ್ಣ ಇಷ್ಟು ವರ್ಷ ಅಲ್ಲಿ ಕೂತು ಕೇಳುತ್ತಿದ್ದದ್ದು ಏನನ್ನು? ಒಳಗಿದ್ದವರು ತಟ್ಟುವುದು ಯಾಕೆ? "ನಮ್ಮ ಜೊತೆ ಪೆಟ್ಟಿಗೆ ಹೊರುತ್ತಾನೆ" ಅಂದಿದ್ದೀಯ. ನೀನು ತಕ್ಕಡಿಯವನಲ್ಲವೇ, "ನಮ್ಮ ಜೊತೆ" ಅಂದರೇನು?

ನಾನು ಸುಮ್ಮಸುಮ್ಮನೆ ತಲೆಗೆ ಹುಳ ಬಿಟ್ಟುಕೊಳ್ಳುವವಳು ಅಂತ ಗೊತ್ತು. ಇದಕ್ಕೂ ಏನಾದರೂ ಸರಳ ಉತ್ತರ ಇರಬೇಕು. ಅದೇನು ಅಂತ ಬರೆದುಬಿಡು.

ಅಕ್ಕ


ಜನವರಿ 16

ತಮ್ಮಾ,

ಉತ್ತರ ಇಲ್ಲ. ನಿಮ್ಮ ಆಫೀಸಿಗೆ ಫೋನು ಮಾಡಿದೆ. ಎತ್ತಿದವರು "ಒಳಗಿದ್ದಾನೆ" ಅಂದರು. ಯಾವುದರ ಒಳಗೆ ಅಂತ ಕೇಳುವಷ್ಟರಲ್ಲಿ ಇಟ್ಟುಬಿಟ್ಟರು.

ಅಕ್ಕ


ಫೆಬ್ರವರಿ 19

ಅಕ್ಕಾ,

ಕಿವಿಯಣ್ಣ ಹೋದ.

ನಿನ್ನ ಪ್ರಶ್ನೆಗೆ ಸರಳ ಉತ್ತರವೇ ಇದೆ. ಗುಂಡಿ ಇದೆ, ಕೆಲಸ ಮಾಡುವುದಿಲ್ಲ. ನಾನು ಸೇರುವ ಮೊದಲೇ ಸರಳು ಮುರಿದಿತ್ತು. ಹಸಿರು ಮಿನುಗುತ್ತದೆ, ಅಷ್ಟು ನಿಜ. ಮೇಲ್ವಿಚಾರಕ ಹೊರಗಿನಿಂದ ಅಡ್ಡಪಟ್ಟಿ ಹಾಕಿ ಹೋಗುತ್ತಾನೆ, ನಿನ್ನ ಕಥೆಯಲ್ಲಿದ್ದ ಹಾಗೇ. ನಮಗೆ ಹೊರಗೆ ಬರಬೇಕೆಂದರೆ ಕಬ್ಬಿಣದ ಕೊಕ್ಕೆಯಿಂದ ಬಾಗಿಲು ತಟ್ಟಬೇಕು, ಕಿವಿಯಣ್ಣ ಕೇಳಿಸಿಕೊಂಡು ತೆರೆಯಬೇಕು. ನಮ್ಮ ಗುಂಡಿ ಅವನೇ ಆಗಿದ್ದ. ನಾನು ತಕ್ಕಡಿ ಬಿಟ್ಟು ಎರಡು ವರ್ಷವಾಯಿತು. ನಿನಗೆ ಬರೆದ ಕಾಗದಗಳೆಲ್ಲ ಒಳಗೆ ಪೆಟ್ಟಿಗೆ ಮೇಲೆ ಕೂತು, ಯಾರಾದರೂ ತೆರೆಯಲಿ ಅಂತ ಕಾಯುತ್ತಾ ಬರೆದವು. ಚಳಿಗೆ ಪೆನ್ನಿನ ಶಾಯಿ ಹೆಪ್ಪುಗಟ್ಟುತ್ತದೆ. ಕುಡಿದು ಅಲ್ಲ.

ನೀನು ಹೆದರಬಾರದು ಅಂತ ಇದೆ ಅಂದೆ, ಅಷ್ಟೇ. ನೀನು ಅದನ್ನು ಅಚ್ಚು ಹಾಕಿಸುವಾಗ ನನ್ನ ಹೆಸರಿಲ್ಲದಿದ್ದರೂ ನಾನೇ ಅಂತ ಎಲ್ಲರಿಗೂ ತಿಳಿಯುವ ಹಾಗೆ ಬರೆಯುತ್ತೀ ಅಂದುಕೊಂಡಿರಲಿಲ್ಲ. ಇನ್‌ಸ್ಪೆಕ್ಟರು ಕೇಳಿದಾಗ ಇಲ್ಲ ಸಾರ್ ಅನ್ನಲು ಬಾಯಿ ತೆರೆದೆ. ಅವರ ಕೈಯಲ್ಲಿ ನಿನ್ನ ಪುಸ್ತಕ ಇತ್ತು. ಇಲ್ಲ ಅಂದರೆ ನೀನು ಸುಳ್ಳಿಯಾಗುತ್ತಿದ್ದೆ. ಓದದವಳು ಬರೆದದ್ದು ಹೀಗೇ ಅನ್ನುತ್ತಿದ್ದರು. ಬಾಯಿ ಹೂಂ ಅಂದುಬಿಟ್ಟಿತು.

ಮೊನ್ನೆ ಲಾರಿ ಬಂತು ಅಂತ ನಮ್ಮನ್ನೆಲ್ಲ ದೋಣಿ ನಿಲ್ಲುವ ಧಕ್ಕೆಗೆ ಕಳಿಸಿದರು. ಕಿವಿಯಣ್ಣ ಹಿಂದಿನ ಸಾಲಿನಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದ. ಮೇಲ್ವಿಚಾರಕ ನೋಡದೆ ಅಡ್ಡಪಟ್ಟಿ ಹಾಕಿ ಊಟಕ್ಕೆ ಹೋದ. ಕುರ್ಚಿ ಇದ್ದ ಜಾಗದಲ್ಲಿ ಯಾರೂ ಇಲ್ಲ. ನಾವು ಬಂದು ತೆರೆದಾಗ ಬಾಗಿಲಿಗೆ ಒರಗಿ ಕೂತಿದ್ದ. ಬಾಗಿಲ ತುಂಬ ಕೊಕ್ಕೆಯ ಗುರುತು. ಅವನ ಒಂದು ಕೈಗವಸು ಗುಂಡಿಗೆ ಅಂಟಿಕೊಂಡಿತ್ತು. ಅದು ಕೆಟ್ಟಿದೆ ಅಂತ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಅವನು. ಪುಸ್ತಕದಲ್ಲಿ ಇದೆಯಲ್ಲ ಅಂತ ಕೊನೆಗೆ ಒತ್ತಿ ನೋಡಿದನೇನೋ.

ಗುಂಡಿ ಸರಿಯಿತ್ತು, ಮುದುಕ ಗಾಬರಿಯಲ್ಲಿ ಮರೆತ ಅಂತ ವಿಚಾರಣೆಗೆ ಬಂದವರು ಬರೆದುಕೊಂಡಿದ್ದಾರೆ. ಸರಿಯಿತ್ತು ಅನ್ನುವುದಕ್ಕೆ ನನ್ನ ಸಹಿ ಇದೆ.

ಅವನ ಮನೆಗೆ ಹೋಗಿದ್ದೆ. ಮೊಮ್ಮಗಳು ಪುಸ್ತಕ ಹಿಡಿದುಕೊಂಡೇ ಬಂದಳು. "ತಾತನಿಗೆ ನಾನು ಓದಿ ಹೇಳಿದ್ದೆ, ಮತ್ಯಾಕೆ ಒತ್ತಲಿಲ್ಲ?" ಅಂದಳು. ಅವಳಿಗೆ ಏನು ಹೇಳಲಿ ಅಂತ ನಿನ್ನನ್ನೇ ಕೇಳುತ್ತೇನೆ, ಮಕ್ಕಳಿಗೆ ಹೇಳುವ ಕಲೆ ನಿನ್ನದು.


ಮಾರ್ಚ್ 1

ತಮ್ಮಾ,

ಎಷ್ಟೋ ಸಲ ಶುರುಮಾಡಿ ಹರಿದೆ. ಆ ಮಗುವಿಗೆ ಹೇಳುವ ಮಾತು ನನ್ನ ಹತ್ತಿರ ಇಲ್ಲ. ಊರಿಗೆಲ್ಲ ಹೆದರಿದವಳು ನಾನು. ಗ್ಯಾಸಿಗೆ ಹೆದರಿದೆ, ರಸ್ತೆಗೆ ಹೆದರಿದೆ, ನಿನ್ನ ಬಾಟಲಿಗೆ ಹೆದರಿದೆ. ಒಂದೇ ಒಂದು ಕಡೆ, ತಮ್ಮ ಹೇಳಿದ್ದಾನೆ ಅಂತ ಧೈರ್ಯ ಮಾಡಿದೆ.

ಪ್ರಕಾಶಕರ ಹತ್ತಿರ ಹೋಗಿ ಆ ಪುಟ ತೆಗೆಯಿರಿ ಅಂದೆ. "ಯಾಕೆ ತೆಗೀಬೇಕು ಮೇಡಂ? ಗುಂಡಿ ಇರಬೇಕು ಅನ್ನೋದು ಕಾನೂನು. ಪುಸ್ತಕ ಸರಿಯಾಗೇ ಇದೆ, ಆ ಬಾಗಿಲು ತಪ್ಪು" ಅಂದರು. ಕಥೆಯಲ್ಲಿ ಬಾಗಿಲು ತೆರೆಯುವುದನ್ನಾದರೂ ಬದಲಿಸುತ್ತೇನೆ ಅಂದೆ. "ಮಕ್ಕಳ ಪುಸ್ತಕದಲ್ಲಿ ಬಾಗಿಲು ತೆಗೀಲೇಬೇಕು. ಇಲ್ಲಾಂದ್ರೆ ಅದು ಮಕ್ಕಳ ಪುಸ್ತಕಾನಾ?" ಅಂದರು. ಟೀ ತರಿಸಿದರು. ಎರಡನೇ ಮುದ್ರಣ ಆಗಲೇ ಬಂದಿದೆಯಂತೆ.

ಶಾಲೆಗಳಿಗೆ ಕಾಗದ ಬರೆದೆ, ಆ ಪುಟ ನಂಬಬೇಡಿ ಅಂತ. ಒಂದೇ ಉತ್ತರ ಬಂತು. ಒಬ್ಬ ಹುಡುಗಿ ತನ್ನ ಕೋಣೆಯ ಬಾಗಿಲ ಒಳಗಡೆ ಹಸಿರು ಗುಂಡಿಯ ಚಿತ್ರ ಬರೆದು ಅಂಟಿಸಿಕೊಂಡಿದ್ದಾಳಂತೆ, ಈಗ ಕತ್ತಲಲ್ಲಿ ಒಬ್ಬಳೇ ಮಲಗುತ್ತಾಳಂತೆ. "ಬೇಡ ಅಂತ ಹೇಗೆ ಹೇಳಲಿ?" ಅಂತ ಅವಳ ಟೀಚರು ಕೇಳಿದ್ದಾರೆ.

ನಿಮ್ಮ ಇನ್‌ಸ್ಪೆಕ್ಟರಿಗೂ ಬರೆದೆ. ಒಳಗೆ ಕೆಲಸ ಮಾಡುವವರೇ ದೂರು ಕೊಡಬೇಕಂತೆ. ಕೊಡು. ಅಕ್ಕ ಸುಳ್ಳಿ ಅನ್ನಲಿ, ತಿಳಿಗೇಡಿ ಅನ್ನಲಿ, ಪೇಪರಿನಲ್ಲಿ ಹಾಕಲಿ. ಇಲ್ಲ, ಅದೂ ಬೇಡ, ಕೆಲಸ ಬಿಟ್ಟು ಇಲ್ಲಿಗೆ ಬಂದುಬಿಡು. ಒಂದು ಕೋಣೆ ಇದೆ, ಕಿಟಕಿ ಇದೆ, ಬಾಗಿಲು ನಾನೇ ತೆರೆದಿಡುತ್ತೇನೆ.

ಅಕ್ಕ


ಏಪ್ರಿಲ್ 6

ಅಕ್ಕಾ,

ಇನ್‌ಸ್ಪೆಕ್ಟರ ಹತ್ತಿರ ದೂರು ಕೊಡಲು ಹೋಗಿದ್ದೆ. "ಆಗ ಸಹಿ ಹಾಕಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ? ಆಗಿಂದು ಸುಳ್ಳಾದ್ರೆ ಮುದುಕನ ಸಾವು ನಿನ್ನ ತಲೆ ಮೇಲೇ ಬರತ್ತೆ" ಅಂದರು. ಎದ್ದು ಬಂದೆ. ಬರಲೇಬಾರದಿತ್ತೇನೋ. ಒಳಗೆ ದುಡಿಯುವ ಬೇರೆ ಯಾರೂ ಈಗ ನನ್ನ ಜೊತೆ ಮಾತಾಡುವುದಿಲ್ಲ. "ಅಕ್ಕನ್ನ ಕೇಳಪ್ಪಾ, ಬರೆದು ಬಿಡ್ತಾಳೆ" ಅನ್ನುತ್ತಾರೆ. ಇವರನ್ನು ಒಳಗೆ ಬಿಟ್ಟು ನಾನೊಬ್ಬ ಕಿಟಕಿ ಇರುವ ಕೋಣೆಗೆ ಬರಲಾರೆ.

ಆದರೆ ಒಂದು ಒಳ್ಳೇ ಸುದ್ದಿ. ಹೊಸ ಗುಂಡಿ ಹಾಕಿದ್ದಾರೆ, ಹಸಿರೇ. ಕೆಲಸ ಮಾಡುತ್ತದೆ. ಕೈಯಾರೆ ಒತ್ತಿ ಪರೀಕ್ಷಿಸಿದೆ. ನನ್ನನ್ನು ಮತ್ತೆ ತಕ್ಕಡಿಗೆ ಹಾಕಿದ್ದಾರೆ, ಹೊರಗೆ, ಬಿಸಿಲಿನಲ್ಲಿ. ಇನ್ನಾದರೂ ನಿದ್ದೆ ಮಾಡು.

ಬಾಲ


ಏಪ್ರಿಲ್ 15

ತಮ್ಮಾ,

ನಿನ್ನ ಕಾಗದ ಬಂತು. ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ.

ಹೊಸದೇನೂ ಬರೆಯುತ್ತಿಲ್ಲ. ಮೂಗು ಬಾಲ ಇಬ್ಬರನ್ನೂ ಬಾಗಿಲ ಹತ್ತಿರ ತಂದು ನಿಲ್ಲಿಸುತ್ತೇನೆ, ಆಮೇಲೆ ಕೈ ಓಡುವುದಿಲ್ಲ. ಮಕ್ಕಳ ಕಾಗದ ಬರುತ್ತಲೇ ಇವೆ. ಮುಂದಿನ ಪುಸ್ತಕದಲ್ಲಿ ಏನು ಪರೀಕ್ಷೆ ಮಾಡಿದ್ದೀರಿ, ನಿಮ್ಮ ತಮ್ಮ ಚೆನ್ನಾಗಿದ್ದಾರಾ ಅಂತ ಕೇಳುತ್ತಾರೆ. ಉತ್ತರ ಬರೆಯದೆ ಕಟ್ಟು ಕಟ್ಟಿಡುತ್ತೇನೆ.

ಹೊಸ ಗುಂಡಿ ಬಂದದ್ದು ಒಳ್ಳೆಯದಾಯಿತು. ಹೊರಗೆ ಬಿಸಿಲಿನಲ್ಲಿದ್ದೇನೆ ಅಂತಿದ್ದೀಯ. ಆದರೆ ತಮ್ಮಾ, ನಿನ್ನ ಕಾಗದದಲ್ಲಿ ನಡುವೆ ಒಂದು ಸಾಲು ಖಾಲಿ ಇತ್ತು. ಮೊದಲು ಜಾಗ ಬಿಟ್ಟಿದ್ದೀಯ ಅಂದುಕೊಂಡೆ. ಬೆರಳಾಡಿಸಿದರೆ ಕಾಗದ ತಗ್ಗಿತ್ತು. ಎರಡನೇ ಪುಸ್ತಕದಲ್ಲಿ ಮೂಗು ಮಾಡುತ್ತಾಳಲ್ಲ, ಹಾಗೆ ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿದೆ. ಬಿಳಿ ಅಕ್ಷರ ಮೇಲೆದ್ದವು. "ಕೈಯಾರೆ ಒತ್ತಿ ಪರೀಕ್ಷಿಸಿದೆ" ಅನ್ನುವ ಸಾಲು ಅದು. ಅಷ್ಟಕ್ಕೇ ಶಾಯಿ ಬಂದಿಲ್ಲ.

ಅಲ್ಲಿ ಬಿಸಿಲು ಹೇಗಿದೆ ಅಂತ ನಾನು ಕೇಳುವುದಿಲ್ಲ. ಬಾ ಅಂತಲೂ ಇನ್ನು ಕರೆಯುವುದಿಲ್ಲ, ಬರುವುದಿಲ್ಲ ಅಂತ ಗೊತ್ತಾಯಿತು. ಇದೊಂದು ಮಾಡು. ಬಾಗಿಲಿಗೆ ಒಂದು ಪೆಟ್ಟಿಗೆ ಅಡ್ಡ ಇಡು, ಪೂರ್ತಿ ಮುಚ್ಚದ ಹಾಗೆ. ನಿನ್ನ ಜೊತೆ ಮಾತು ಬಿಟ್ಟವರಲ್ಲೇ ಯಾರನ್ನಾದರೂ ಕಾಲು ಹಿಡಿದು ಬೇಡಿಕೊಂಡು ಹೊರಗೆ ನಿಲ್ಲಿಸು. ಆಮೇಲೆ ಆ ಗುಂಡಿಯನ್ನು ಇನ್ನೊಂದು ಸಲ ಒತ್ತಿ ನೋಡು.

ಅಕ್ಕ